ಪಾಷಾಣ, ಪೊಟ್ಯಾಸಿಯಂ ಮತ್ತು ಒಂದು ಇಸಿಜಿ: ಪ್ರೊಮೈಲೊಸೈಟಿಕ್ ಲ್ಯುಕೇಮಿಯಾದಲ್ಲಿ ಹರ್ಗ್ ಚಾನೆಲ್‌ನ ಪ್ರಕರಣ ಅಧ್ಯಯನ

ಹಾವೇರಿ ಜಿಲ್ಲೆಯ ಹಳ್ಳಿಯೊಂದರಿಂದ ಬಂದ 32 ವರ್ಷದ ಮಹಿಳೆಗೆ ಹತ್ತು ದಿನಗಳಿಂದ ಮುಟ್ಟಿನ ರಕ್ತಸ್ರಾವ ನಿಂತಿರಲಿಲ್ಲ. ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬರುತ್ತಿತ್ತು. ಪೆಟ್ಟೇ ಬೀಳದೆ ತೊಡೆ, ತೋಳುಗಳ ಮೇಲೆ ನೀಲಿಗಟ್ಟಿದ ಕಲೆಗಳು ಮೂಡಿದ್ದವು. ಹಿಮೋಗ್ಲೋಬಿನ್ 7.2 ಗ್ರಾಂ, ಬಿಳಿ ರಕ್ತಕಣ 2,400, ಪ್ಲೇಟ್‌ಲೆಟ್ 14,000, ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನಾದ ಫೈಬ್ರಿನೋಜೆನ್ 90 ಮಿಲಿಗ್ರಾಂ, ಎಲ್ಲವೂ ಸಾಮಾನ್ಯಕ್ಕಿಂತ ಕಡಿಮೆ. ರಕ್ತಲೇಪನವನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ಒರಟು ಕಣಗಳಿಂದ ಕಿಕ್ಕಿರಿದ ಪ್ರೊಮೈಲೊಸೈಟ್‌ಗಳು, ಅಂದರೆ ಇನ್ನೂ ಬಲಿಯದ ಬಿಳಿ ರಕ್ತಕಣಗಳು, ಕಂಡವು. ಕೆಲವುಗಳ ಒಳಗೆ ಆವರ್ ಕಡ್ಡಿಗಳು ಕಟ್ಟಿಗೆಯ ಹೊರೆಯಂತೆ ಒತ್ತಾಗಿ ನಿಂತಿದ್ದವು. ಅಕ್ಯೂಟ್ ಪ್ರೊಮೈಲೊಸೈಟಿಕ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್‌ನ ಅನುಮಾನಕ್ಕೆ ಇಷ್ಟು ಸಾಕಿತ್ತು.

ಈ ರೋಗಿ ಯಾವುದೇ ಒಬ್ಬ ನಿರ್ದಿಷ್ಟ ವ್ಯಕ್ತಿಯಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು. ಈ ಕಾಯಿಲೆಯ ಚಿಕಿತ್ಸೆಯಲ್ಲಿ ಮತ್ತೆ ಮತ್ತೆ ಎದುರಾಗುವ ಸಂದರ್ಭಗಳನ್ನು ಒಂದೆಡೆ ಸೇರಿಸಿ, ಬೋಧನೆಗಾಗಿ ಕಟ್ಟಿದ ಪ್ರಕರಣವಿದು. ಔಷಧ, ಚಾನೆಲ್ ಮತ್ತು ಪ್ರಕಟಿತ ಸಂಶೋಧನೆಗಳ ಕುರಿತ ಸಂಗತಿಗಳು ಮಾತ್ರ ದಾಖಲೆಯಲ್ಲಿರುವಂಥವು. ರಕ್ತದ ಕ್ಯಾನ್ಸರ್‌ಗೂ ಜೀವಕೋಶದ ಪೊರೆಯಲ್ಲಿರುವ ಅಯಾನ್ ಚಾನೆಲ್‌ಗಳಿಗೂ ಏನು ಸಂಬಂಧ ಎಂದು ಕೇಳುವವರಿಗೆ ಉತ್ತರವಾಗಿ ನಾನು ಈ ಕಾಯಿಲೆಯನ್ನೇ ಆರಿಸಿಕೊಂಡಿದ್ದೇನೆ. ಏಕೆಂದರೆ ಇಲ್ಲಿ ಹರ್ಗ್ ಎಂಬ ಒಂದೇ ಪೊಟ್ಯಾಸಿಯಂ ಚಾನೆಲ್ ಹೃದಯದ ಜೀವಕೋಶದಲ್ಲೂ ಲ್ಯುಕೇಮಿಯಾ ಜೀವಕೋಶದಲ್ಲೂ ಕಾಣಿಸಿಕೊಳ್ಳುತ್ತದೆ, ಮತ್ತು ಅದರ ನಡವಳಿಕೆಯನ್ನು ತಪ್ಪಾಗಿ ಓದಿದರೆ ಗುಣವಾಗುವ ರೋಗಿಯ ಔಷಧವೇ ನಿಂತುಹೋಗುತ್ತದೆ.

ಔಷಧದ ಆಯ್ಕೆ

ಈ ಲ್ಯುಕೇಮಿಯಾದಲ್ಲಿ 15 ಮತ್ತು 17ನೇ ವರ್ಣತಂತುಗಳ ತುಂಡುಗಳು ಅದಲುಬದಲಾಗಿ, ಪಿಎಂಎಲ್-ರಾರಾ ಎಂಬ ಕೂಡು ಪ್ರೋಟೀನು ಹುಟ್ಟುತ್ತದೆ. ಅದು ಬಿಳಿ ರಕ್ತಕಣದ ಬೆಳವಣಿಗೆಯನ್ನು ಪ್ರೊಮೈಲೊಸೈಟ್ ಹಂತದಲ್ಲಿಯೇ ತಡೆದು ನಿಲ್ಲಿಸುತ್ತದೆ. ಹಾಗೆ ನಿಂತ ಕೋಶಗಳು ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯನ್ನೇ ಕೆಡಿಸುವುದರಿಂದ, ಮೊದಲ ದಿನಗಳಲ್ಲಿ ಸಾವು ಸಂಭವಿಸುವುದು ಹೆಚ್ಚಾಗಿ ಮಿದುಳಿನ ಅಥವಾ ಶ್ವಾಸಕೋಶದ ರಕ್ತಸ್ರಾವದಿಂದ. ಆದ್ದರಿಂದ ಅನುಮಾನ ಬಂದ ಗಳಿಗೆಯಲ್ಲೇ, ಜೀನ್ ಪರೀಕ್ಷೆಯ ವರದಿಗೆ ಕಾಯದೆ, ತಡೆದು ನಿಂತ ಕೋಶಗಳನ್ನು ಬಲಿಯುವಂತೆ ಮಾಡುವ ಟ್ರೆಟಿನಾಯಿನ್ (ಆಟ್ರಾ) ಮಾತ್ರೆಯನ್ನು ಕೊಡಬೇಕು. ಈ ರೋಗಿಗೂ ಗರ್ಭಿಣಿಯಲ್ಲವೆಂದು ಖಚಿತಪಡಿಸಿಕೊಂಡು ಅದೇ ಸಂಜೆ ಮಾತ್ರೆ ಶುರುಮಾಡಲಾಯಿತು. ಪ್ಲೇಟ್‌ಲೆಟ್ ಮತ್ತು ರಕ್ತ ಹೆಪ್ಪುಗಟ್ಟಿಸುವ ಅಂಶಗಳಿರುವ ಕ್ರಯೋಪ್ರೆಸಿಪಿಟೇಟ್ ಏರಿಸಲಾಯಿತು. ಮೂರನೇ ದಿನ ಪಿಸಿಆರ್ ವರದಿ ಪಿಎಂಎಲ್-ರಾರಾ ಇದೆಯೆಂದು ದೃಢಪಡಿಸಿತು. ಬಿಳಿ ರಕ್ತಕಣ ಹತ್ತು ಸಾವಿರಕ್ಕಿಂತ ಕಡಿಮೆ ಇದ್ದುದರಿಂದ, ಕೀಮೋಥೆರಪಿಯ ಬದಲು ಆಟ್ರಾ ಜೊತೆಗೆ ಆರ್ಸೆನಿಕ್ ಟ್ರಯಾಕ್ಸೈಡ್ ಕೊಡುವುದೆಂದು ತೀರ್ಮಾನವಾಯಿತು.

ಆರ್ಸೆನಿಕ್ ಟ್ರಯಾಕ್ಸೈಡ್ ಎಂದರೆ ನಮ್ಮ ಜನ ಪಾಷಾಣ ಎಂದು ಕರೆಯುವ ವಸ್ತುವೇ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ರೋಗಿಯ ಗಂಡ ಕೇಳಿದ ಪ್ರಶ್ನೆ ಸಹಜವಾಗಿತ್ತು: "ಇಲಿ ಪಾಷಾಣ ಕೊಡ್ತಾರಂತ ಮಂದಿ ಹೇಳಾಕತ್ತಾರ್ರಿ ಡಾಕ್ಟ್ರ, ಖರೇ ಏನ್ರಿ?" ವಸ್ತು ಅದೇ ಎಂದು ನೇರವಾಗಿ ಒಪ್ಪಿಕೊಂಡು, ಪ್ರಮಾಣ ಮತ್ತು ನಿಗಾ ಬೇರೆ ಎಂದು ವಿವರಿಸುವುದೇ ಸರಿಯಾದ ಉತ್ತರ, ಮುಚ್ಚಿಟ್ಟರೆ ಹೊರಗಿನವರ ಬಾಯಿಂದ ಅರ್ಧ ಸತ್ಯ ಕಿವಿಗೆ ಬೀಳುತ್ತದೆ. 1786ರಲ್ಲಿ ಇಂಗ್ಲೆಂಡಿನ ಥಾಮಸ್ ಫೌಲರ್ ಪೊಟ್ಯಾಸಿಯಂ ಆರ್ಸೆನೈಟ್ ದ್ರಾವಣವನ್ನು ಔಷಧವಾಗಿ ಪ್ರಕಟಿಸಿದ್ದರು. ಮುಂದಿನ ಶತಮಾನದಲ್ಲಿ ಅದನ್ನು ದೀರ್ಘಕಾಲಿಕ ಲ್ಯುಕೇಮಿಯಾಕ್ಕೂ ಕೊಡುತ್ತಿದ್ದರು. ಇಂದಿನ ಬಳಕೆಯ ಮೂಲ ಚೀನಾದ ಹಾರ್ಬಿನ್ ನಗರದಲ್ಲಿದೆ. ಅಲ್ಲಿ 1970ರ ದಶಕದಲ್ಲಿ ಜಾಂಗ್ ಟಿಂಗ್‌ಡಾಂಗ್ ಮತ್ತು ಸಹೋದ್ಯೋಗಿಗಳು ನಾಟಿ ಔಷಧವೊಂದರಿಂದ ಆರಂಭಿಸಿ, ಅದರಲ್ಲಿ ಕೆಲಸ ಮಾಡುತ್ತಿದ್ದುದು ಆರ್ಸೆನಿಕ್ ಎಂಬುದನ್ನು ಗುರುತಿಸಿದರು. ಆರ್ಸೆನಿಕ್ ಪಿಎಂಎಲ್ ಭಾಗದ ಸಿಸ್ಟೀನ್ ಎಂಬ ಅಮೈನೋ ಆಮ್ಲಗಳಿಗೆ ಅಂಟಿಕೊಂಡು ಕೂಡು ಪ್ರೋಟೀನನ್ನೇ ನಾಶಪಡಿಸುತ್ತದೆ ಎಂಬುದು ಆಮೇಲೆ ತಿಳಿಯಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದಕ್ಕೆ ಅನುಮತಿ ನೀಡಿದ್ದು 2000ದಲ್ಲಿ.

ಈ ಕಥೆಯಲ್ಲಿ ನಮ್ಮ ಪಕ್ಕದ ವೆಲ್ಲೂರಿಗೂ ಪಾಲಿದೆ. ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ವಿಕ್ರಮ್ ಮ್ಯಾಥ್ಯೂಸ್ ಮತ್ತು ಸಂಗಡಿಗರು 1998ರಿಂದ 2004ರವರೆಗೆ, ಹೊಸದಾಗಿ ಪತ್ತೆಯಾದ 72 ರೋಗಿಗಳಿಗೆ ಬಹುಮಟ್ಟಿಗೆ ಆರ್ಸೆನಿಕ್ ಒಂದನ್ನೇ ಆಧರಿಸಿದ ಚಿಕಿತ್ಸೆ ಕೊಟ್ಟರು. ಸುಮಾರು 86 ಪ್ರತಿಶತ ರೋಗಿಗಳಲ್ಲಿ ಕಾಯಿಲೆ ಸಂಪೂರ್ಣ ಶಮನವಾಯಿತು. ದುಬಾರಿ ಕೀಮೋಥೆರಪಿಯನ್ನು ಭರಿಸಲಾಗದ ಕುಟುಂಬಗಳಿಗೆ ಇದು ತೆರೆದ ದಾರಿ. 2013ರಲ್ಲಿ ಫ್ರಾನ್ಸೆಸ್ಕೊ ಲೊ-ಕೊಕೊ ನೇತೃತ್ವದ ಇಟಲಿ ಮತ್ತು ಜರ್ಮನಿಯ ತಂಡ, ಹೆಚ್ಚಿನ ಅಪಾಯವಿಲ್ಲದ ರೋಗಿಗಳಲ್ಲಿ ಆಟ್ರಾ-ಆರ್ಸೆನಿಕ್ ಜೋಡಿ ಆಟ್ರಾ-ಕೀಮೋಥೆರಪಿಗಿಂತ ಕಡಿಮೆಯಲ್ಲ ಎಂದು ತೋರಿಸಿತು. ಎರಡು ವರ್ಷಗಳಲ್ಲಿ ಮರುಕಳಿಕೆಯಂಥ ಯಾವ ವಿಘ್ನವೂ ಇಲ್ಲದೆ ಉಳಿದವರ ಪ್ರಮಾಣ ಆರ್ಸೆನಿಕ್ ಜೋಡಿಯಲ್ಲಿ 97, ಕೀಮೋಥೆರಪಿ ಜೋಡಿಯಲ್ಲಿ 86 ಪ್ರತಿಶತ. ಇಷ್ಟು ಒಳ್ಳೆಯ ಔಷಧವನ್ನು ಒಂದು ದಿನವಾದರೂ ವಿನಾ ಕಾರಣ ನಿಲ್ಲಿಸಬಾರದೆಂಬ ಕಾಳಜಿಯೇ ಈ ಬರಹದ ಹಿಂದಿದೆ.

ರೋಗಿಯ ತೂಕ 52 ಕಿಲೋ. ಕಿಲೋಗೆ 0.15 ಮಿಲಿಗ್ರಾಂ ಲೆಕ್ಕದಲ್ಲಿ ದಿನಕ್ಕೆ 7.8 ಮಿಲಿಗ್ರಾಂ ಆರ್ಸೆನಿಕ್ ಅನ್ನು ರಕ್ತನಾಳದ ಮೂಲಕ ನಿಧಾನವಾಗಿ ಕೊಡಲು ಶುರುಮಾಡಲಾಯಿತು. ಅದಕ್ಕೂ ಮೊದಲು ತೆಗೆದ ಇಸಿಜಿಯಲ್ಲಿ ನಾಡಿಯ ವೇಗಕ್ಕೆ ತಕ್ಕಂತೆ ಸರಿಪಡಿಸಿದ ಕ್ಯೂಟಿ ಅವಧಿ (ಪ್ರತಿ ಬಡಿತದಲ್ಲೂ ಹೃದಯದ ವಿದ್ಯುತ್ ಏರಿ ಇಳಿಯಲು ಹಿಡಿಯುವ ಕಾಲ) 428 ಮಿಲಿಸೆಕೆಂಡು, ರಕ್ತದ ಪೊಟ್ಯಾಸಿಯಂ 3.9, ಮೆಗ್ನೀಸಿಯಂ 1.7 ಇತ್ತು. ಪೊಟ್ಯಾಸಿಯಂ 4ಕ್ಕಿಂತ ಮೇಲೆ, ಮೆಗ್ನೀಸಿಯಂ 1.8ಕ್ಕಿಂತ ಮೇಲೆ ಇರಬೇಕೆಂಬುದು ಆರ್ಸೆನಿಕ್ ಚಿಕಿತ್ಸೆಯ ನಿಯಮ. ಕೊರತೆಯನ್ನು ತುಂಬಿಯೇ ಮೊದಲ ಬಾಟಲಿ ಏರಿಸಲಾಯಿತು. ವಾರಕ್ಕೆ ಎರಡು ಸಲ ಇಸಿಜಿ ತೆಗೆಯಬೇಕೆಂದು ಕೇಸ್ ಶೀಟಿನಲ್ಲಿ ಬರೆಯಲಾಯಿತು.

ಹರ್ಗ್ ಎಂಬ ತೂಬು

ಕೆರೆಯ ಏರಿಯಲ್ಲಿ ತೂಬು ಇರುವಂತೆ, ಪ್ರತಿ ಜೀವಕೋಶದ ಪೊರೆಯಲ್ಲಿ ಅಯಾನ್ ಚಾನೆಲ್‌ಗಳಿರುತ್ತವೆ. ಕೋಶದ ಒಳಗೆ ಪೊಟ್ಯಾಸಿಯಂ ಲೀಟರಿಗೆ ಸುಮಾರು 140 ಮಿಲಿಮೋಲ್, ಹೊರಗೆ ಬರೀ 4. ಚಾನೆಲ್ ತೆರೆದರೆ ಪೊಟ್ಯಾಸಿಯಂ ಹೊರಕ್ಕೆ ಹರಿದು, ಕೋಶದ ಒಳಭಾಗ ಮತ್ತೆ ಋಣ ವಿದ್ಯುದಂಶಕ್ಕೆ ಇಳಿಯುತ್ತದೆ. ಹೃದಯದ ಕುಕ್ಷಿಯ (ಕೆಳಕೋಣೆಯ) ಸ್ನಾಯುಕೋಶ ಪ್ರತಿ ಬಡಿತಕ್ಕೂ ಒಮ್ಮೆ ಧನ ವಿದ್ಯುದಂಶಕ್ಕೆ ಏರಿ, ಕಾಲು ಸೆಕೆಂಡಿಗಿಂತ ತುಸು ಹೆಚ್ಚು ಹೊತ್ತು ಅಲ್ಲಿಯೇ ನಿಂತು, ಬಳಿಕ ಕೆಳಗಿಳಿಯುತ್ತದೆ. ಹೀಗೆ ಇಳಿಯುವಾಗ ಹೆಚ್ಚಿನ ಭಾರ ಹೊರುವ ಚಾನೆಲ್‌ಗಳಲ್ಲಿ ಒಂದು ಹರ್ಗ್. ಅದರ ವಿಶೇಷವೆಂದರೆ ಎರಡು ಬಾಗಿಲುಗಳಿರುವುದು. ಕೋಶ ಧನ ವಿದ್ಯುದಂಶಕ್ಕೇರಿದಾಗ ಮೊದಲ ಬಾಗಿಲು ನಿಧಾನವಾಗಿ ತೆರೆಯುತ್ತದೆ, ಎರಡನೆಯದು ಕೂಡಲೇ ಮುಚ್ಚಿಕೊಳ್ಳುತ್ತದೆ. ಕೋಶ ಇಳಿಯಲಾರಂಭಿಸಿದಾಗ ಎರಡನೆಯ ಬಾಗಿಲು ಥಟ್ಟನೆ ತೆರೆದು, ಮೊದಲನೆಯದು ಮುಚ್ಚಲು ತಡಮಾಡುತ್ತದೆ. ಆ ನಡುವಿನ ಹೊತ್ತಿನಲ್ಲಿ ಪೊಟ್ಯಾಸಿಯಂ ಭರದಿಂದ ಹರಿದು ಇಳಿತವನ್ನು ಪೂರ್ಣಗೊಳಿಸುತ್ತದೆ. ಹರ್ಗ್ ಕಡಿಮೆಯಾದರೆ ಇಳಿತ ತಡವಾಗುತ್ತದೆ. ಇಸಿಜಿಯ ಕಾಗದದ ಮೇಲೆ ಅದು ಕ್ಯೂಟಿ ಅವಧಿ ಹಿಗ್ಗಿದಂತೆ ಕಾಣುತ್ತದೆ. ತುಂಬ ಹಿಗ್ಗಿದರೆ ಟಾರ್ಸಾಡ್ ಎಂಬ ಲಯಭಂಗ ಉಂಟಾಗಿ ಜೀವಕ್ಕೇ ಕುತ್ತು ಬರಬಹುದು.

ಈ ಚಾನೆಲ್‌ಗೆ ಹೆಸರು ಬಂದದ್ದು ಹಣ್ಣುನೊಣದಿಂದ. ಈಥರ್ ಕೊಟ್ಟಾಗ ಕಾಲು ಕುಣಿಸುವ ನೊಣದ ತಳಿಯೊಂದಕ್ಕೆ 'ಈಥರ್-ಎ-ಗೋ-ಗೋ' ಎಂದು ಹೆಸರಿಟ್ಟಿದ್ದರು. 1994ರಲ್ಲಿ ಜೆಫ್ರಿ ವಾರ್ಮ್‌ಕೆ ಮತ್ತು ಬ್ಯಾರಿ ಗನೆಟ್ಜ್ಕಿ ಅದೇ ಕುಟುಂಬದ ಮಾನವ ಜೀನನ್ನು ಗುರುತಿಸಿದರು. 'ಹ್ಯೂಮನ್ ಈಥರ್-ಎ-ಗೋ-ಗೋ ರಿಲೇಟೆಡ್ ಜೀನ್' ಎಂಬುದರ ಇಂಗ್ಲಿಷ್ ಮೊದಲಕ್ಷರಗಳೇ ಹರ್ಗ್. ಈ ಜೀನಿನ ದೋಷದಿಂದ ಹುಟ್ಟಿನಿಂದಲೇ ಕ್ಯೂಟಿ ಹಿಗ್ಗಿರುವ ಕಾಯಿಲೆ ಬರುತ್ತದೆ ಎಂಬುದು ಮರುವರ್ಷವೇ ತಿಳಿಯಿತು.

ಆರ್ಸೆನಿಕ್ ಈ ತೂಬಿಗೆ ಏನು ಮಾಡುತ್ತದೆ? ಹರ್ಗ್‌ನ ನಾಳದೊಳಗೆ ಸಿಕ್ಕಿಕೊಂಡು ಹರಿವನ್ನು ನೇರವಾಗಿ ತಡೆಯುವ ಔಷಧಗಳು ಅನೇಕ. ಆದರೆ 2004ರಲ್ಲಿ ಎಕ್‌ಹಾರ್ಡ್ ಫಿಕರ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಇನ್ನೊಂದು ದಾರಿಯನ್ನು ತೋರಿಸಿತು. ಕೋಶದೊಳಗೆ ತಯಾರಾದ ಹರ್ಗ್ ಪ್ರೋಟೀನು ಸರಿಯಾಗಿ ಮಡಿಚಿಕೊಂಡು ಪೊರೆಯನ್ನು ಸೇರಲು ಎಚ್‌ಎಸ್‌ಪಿ 70, ಎಚ್‌ಎಸ್‌ಪಿ 90 ಎಂಬ ಸಹಾಯಕ ಪ್ರೋಟೀನುಗಳು ಬೇಕು. ಆರ್ಸೆನಿಕ್ ಆ ಜೊತೆಯನ್ನು ಕೆಡಿಸುವುದರಿಂದ ಹೊಸ ಚಾನೆಲ್‌ಗಳು ಪೊರೆಯವರೆಗೆ ತಲುಪುವುದೇ ಇಲ್ಲ. ಹಳೆಯವು ಸಹಜವಾಗಿ ಕಳಚಿಕೊಂಡಂತೆಲ್ಲ ಪೊರೆ ಬರಿದಾಗುತ್ತ ಹೋಗುತ್ತದೆ. ಜೊತೆಗೆ ಕ್ಯಾಲ್ಸಿಯಂ ಒಳಹರಿವು ಹೆಚ್ಚುವುದನ್ನೂ ಅವರು ಕಂಡರು. ಅದೂ ಇಳಿತವನ್ನು ತಡಮಾಡುತ್ತದೆ. ವಾರ್ಡಿನಲ್ಲಿ ಕಾಣುವ ಕಾಲಕ್ರಮಕ್ಕೆ ಈ ವಿವರಣೆ ಚೆನ್ನಾಗಿ ಹೊಂದುತ್ತದೆ. ಔಷಧದ ಅಧಿಕೃತ ಮಾಹಿತಿಯಂತೆ, ಆರಂಭಿಕ ಪ್ರಯೋಗಗಳಲ್ಲಿ 40 ಪ್ರತಿಶತ ರೋಗಿಗಳ ಒಂದಾದರೂ ಇಸಿಜಿಯಲ್ಲಿ ಸರಿಪಡಿಸಿದ ಕ್ಯೂಟಿ 500 ದಾಟಿತ್ತು. ಅದು ಹಿಗ್ಗಿದ್ದು ಮೊದಲ ಬಾಟಲಿಯ ಗಂಟೆಯಲ್ಲಲ್ಲ, ಒಂದರಿಂದ ಐದು ವಾರಗಳ ನಡುವೆ. ಆದ್ದರಿಂದ ಮೊದಲ ದಿನದ ಇಸಿಜಿ ಚೆನ್ನಾಗಿತ್ತೆಂದು ನೆಚ್ಚಿಕೊಳ್ಳುವಂತಿಲ್ಲ.

11ನೇ ದಿನ

11ನೇ ದಿನ ರಾತ್ರಿ ರೋಗಿಗೆ ಜ್ವರ ಬಂತು. ನಾಡಿ ನಿಮಿಷಕ್ಕೆ 110. ಇಸಿಜಿ ಯಂತ್ರ ಕಾಗದದ ಮೂಲೆಯಲ್ಲಿ ಕ್ಯೂಟಿ 380, ಸರಿಪಡಿಸಿದ ಕ್ಯೂಟಿ 515 ಎಂದು ಮುದ್ರಿಸಿತು. ಪಾಳಿಯಲ್ಲಿದ್ದ ಕಿರಿಯ ವೈದ್ಯರು ಔಷಧ ತಡೆಯಬೇಕಾದ 500ರ ಗಡಿ ದಾಟಿತೆಂದು ಮರುದಿನದ ಆರ್ಸೆನಿಕ್ ನಿಲ್ಲಿಸಲು ಬರೆದರು. ನಿಯಮವನ್ನು ಓದಿಕೊಂಡವರು ಮಾಡುವ ಕೆಲಸವೇ ಅದು, ಅದರಲ್ಲಿ ಅಜಾಗರೂಕತೆ ಏನೂ ಇಲ್ಲ.

ಬೆಳಿಗ್ಗೆ ಹಿರಿಯ ವೈದ್ಯರು ಅದೇ ಕಾಗದವನ್ನು ಹಿಡಿದು ಮತ್ತೆ ಲೆಕ್ಕ ಹಾಕಿದರು. ನಾಡಿ ವೇಗವಾದಷ್ಟೂ ಕ್ಯೂಟಿ ತಾನಾಗಿಯೇ ಕುಗ್ಗುತ್ತದೆ. ಆದ್ದರಿಂದ ಎರಡು ಬಡಿತಗಳ ನಡುವಿನ ಅವಧಿಗೆ ತಕ್ಕಂತೆ ಅದನ್ನು ಸರಿಪಡಿಸಬೇಕಾಗುತ್ತದೆ. ಯಂತ್ರಗಳು ಸಾಮಾನ್ಯವಾಗಿ ಬಳಸುವುದು ಬ್ಯಾಜೆಟ್ ಸೂತ್ರವನ್ನು, ಅಂದರೆ ಆ ಅವಧಿಯ ವರ್ಗಮೂಲದಿಂದ ಭಾಗಿಸುವುದನ್ನು. ಫ್ರಿಡೆರಿಸಿಯಾ ಸೂತ್ರದಲ್ಲಿ ಘನಮೂಲದಿಂದ ಭಾಗಿಸುತ್ತಾರೆ. ಎರಡೂ 1920ರಲ್ಲಿ ಬಂದವು. ನಾಡಿ 60ರ ಆಸುಪಾಸಿನಲ್ಲಿದ್ದರೆ ಎರಡಕ್ಕೂ ವ್ಯತ್ಯಾಸವಿಲ್ಲ; ನಾಡಿ ಓಡುವಾಗ ಬ್ಯಾಜೆಟ್ ಸೂತ್ರ ಸಂಖ್ಯೆಯನ್ನು ಅತಿಯಾಗಿ ಉಬ್ಬಿಸುತ್ತದೆ. ಈ ರೋಗಿಯಲ್ಲಿ ಬಡಿತಗಳ ನಡುವಿನ ಅವಧಿ 0.545 ಸೆಕೆಂಡು. ಬ್ಯಾಜೆಟ್ ಪ್ರಕಾರ 515 ಆದದ್ದು ಫ್ರಿಡೆರಿಸಿಯಾ ಪ್ರಕಾರ 465, ಫ್ರಾಮಿಂಗ್‌ಹ್ಯಾಮ್ ಸೂತ್ರದ ಪ್ರಕಾರ 450. ಹೃದಯ ಅದೇ, ಕಾಗದ ಅದೇ. ಬದಲಾದದ್ದು ಭಾಗಾಕಾರ ಮಾತ್ರ. ಪೊಟ್ಯಾಸಿಯಂ 4.1 ಇತ್ತು. ಆರ್ಸೆನಿಕ್ ಮುಂದುವರಿಯಿತು.

ಲ್ಯುಕೇಮಿಯಾ ರೋಗಿಗೆ ಜ್ವರ, ರಕ್ತಹೀನತೆ, ಆತಂಕ ಇವೆಲ್ಲ ಇರುವುದರಿಂದ ನಾಡಿ ಬಹುತೇಕ ಯಾವಾಗಲೂ ವೇಗವಾಗಿಯೇ ಇರುತ್ತದೆ. ಆದ್ದರಿಂದ ಈ ವಾರ್ಡುಗಳಲ್ಲಿ ಬ್ಯಾಜೆಟ್ ಸಂಖ್ಯೆಯನ್ನೇ ನಂಬಿ ಔಷಧ ನಿಲ್ಲಿಸುವುದು ತಪ್ಪು ಎಂದು ನಾನು ದೃಢವಾಗಿ ಭಾವಿಸುತ್ತೇನೆ. ಆರ್ಸೆನಿಕ್ ಪಡೆದ ನೂರಕ್ಕೂ ಹೆಚ್ಚು ರೋಗಿಗಳ ಇಸಿಜಿಗಳನ್ನು ಮರುಪರಿಶೀಲಿಸಿ 2014ರಲ್ಲಿ ಗೇಲ್ ರೋಬೋಸ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವೂ ಬೇರೆ ಸೂತ್ರಗಳನ್ನು ಬಳಸಿದರೆ ಅನಗತ್ಯ ತಡೆಗಳು ತಪ್ಪುತ್ತವೆ ಎಂಬ ಕಡೆಗೇ ಬೆರಳು ತೋರಿಸಿತು.

16ನೇ ದಿನ

ಆದರೆ ಐದು ದಿನಗಳ ಬಳಿಕ ಬಂದ ಎಚ್ಚರಿಕೆ ನಿಜವಾದುದಾಗಿತ್ತು. ನಡುವೆ ರೋಗಿಯ ಬಿಳಿ ರಕ್ತಕಣ 19,000ಕ್ಕೆ ಏರಿ, ತೂಕ ನಾಲ್ಕು ಕಿಲೋ ಹೆಚ್ಚಿ, ಉಸಿರಾಟ ಭಾರವಾಗಿತ್ತು. ತಡೆದು ನಿಂತಿದ್ದ ಕೋಶಗಳು ಒಮ್ಮೆಗೇ ಬಲಿಯತೊಡಗಿದಾಗ ಕಾಣುವ ಡಿಫರೆನ್ಷಿಯೇಶನ್ ಸಿಂಡ್ರೋಮ್ ಇದು. ತೀವ್ರ ಸ್ವರೂಪದ್ದಲ್ಲವಾದ್ದರಿಂದ ಆರ್ಸೆನಿಕ್ ನಿಲ್ಲಿಸದೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್, ಬಿಳಿ ರಕ್ತಕಣ ಇಳಿಸಲು ಹೈಡ್ರಾಕ್ಸಿಯೂರಿಯಾ ಮತ್ತು ನೀರಿಳಿಸಲು ಫ್ಯೂರೋಸೆಮೈಡ್ ಕೊಡಲಾಗಿತ್ತು. ಜ್ವರ ಇಳಿಯದ್ದರಿಂದ ಶಿಲೀಂಧ್ರದ ಸೋಂಕಿಗೆಂದು ವೊರಿಕೊನಜೋಲ್ ಸೇರಿತ್ತು. ವಾಂತಿಗೆ ದಿನಕ್ಕೆ ಮೂರು ಸಲ ಒಂಡಾನ್ಸೆಟ್ರಾನ್. ಪ್ರತಿಯೊಂದು ಔಷಧವನ್ನೂ ಸಕಾರಣವಾಗಿಯೇ ಬರೆಯಲಾಗಿತ್ತು. ಆದರೆ ಅವೆಲ್ಲವನ್ನೂ ಒಟ್ಟಿಗೆ ಇಟ್ಟು ಹರ್ಗ್ ಚಾನೆಲ್‌ನ ಕಡೆಯಿಂದ ಯಾರೂ ನೋಡಿರಲಿಲ್ಲ.

16ನೇ ದಿನದ ಇಸಿಜಿಯಲ್ಲಿ ನಾಡಿ 84, ಕ್ಯೂಟಿ 450. ಫ್ರಿಡೆರಿಸಿಯಾ ಪ್ರಕಾರವೇ 503. ಟಿ ಅಲೆಗಳು ಚಪ್ಪಟೆಯಾಗಿ ಸೀಳಿದಂತಿದ್ದವು, ನಡುನಡುವೆ ಕುಕ್ಷಿಯ ಅಕಾಲಿಕ ಬಡಿತಗಳಿದ್ದವು. ಪೊಟ್ಯಾಸಿಯಂ 2.9, ಮೆಗ್ನೀಸಿಯಂ 1.4.

ಇಲ್ಲಿ ಪೊಟ್ಯಾಸಿಯಂ ಯಾಕೆ ಇಷ್ಟು ಮುಖ್ಯ ಎಂಬುದು ಮೇಲ್ನೋಟಕ್ಕೆ ವಿಚಿತ್ರವಾಗಿ ತೋರುತ್ತದೆ. ಹೊರಗೆ ಪೊಟ್ಯಾಸಿಯಂ ಕಡಿಮೆಯಾದರೆ, ಒಳಗೂ ಹೊರಗೂ ಅಂತರ ಹೆಚ್ಚಿ, ತೂಬಿನಿಂದ ಇನ್ನೂ ಜೋರಾಗಿ ಹರಿಯಬೇಕಲ್ಲವೇ? ಹರ್ಗ್ ಹಾಗೆ ವರ್ತಿಸುವುದಿಲ್ಲ. ಹೊರಗಿನ ಪೊಟ್ಯಾಸಿಯಂ ಆ ಎರಡನೆಯ ಬಾಗಿಲನ್ನು ಮುಚ್ಚದಂತೆ ತಡೆಹಿಡಿಯುತ್ತಿರುತ್ತದೆ. ಅದು ಕಡಿಮೆಯಾದಾಗ ಬಾಗಿಲು ಬೇಗ ಮುಚ್ಚಿ, ಹರಿವು ತಗ್ಗುತ್ತದೆ. ಪೊಟ್ಯಾಸಿಯಂ ತೀರ ಇಳಿದರೆ ಪೊರೆಯ ಮೇಲಿನ ಹರ್ಗ್ ಚಾನೆಲ್‌ಗಳೇ ಒಳಕ್ಕೆ ಎಳೆಯಲ್ಪಟ್ಟು ನಾಶವಾಗುತ್ತವೆ ಎಂಬುದನ್ನೂ ಪ್ರಯೋಗಗಳು ತೋರಿಸಿವೆ. ಹೀಗೆ ಆರ್ಸೆನಿಕ್ ಹೊಸ ಚಾನೆಲ್ ಬರದಂತೆ ಮಾಡಿತ್ತು, ಪೊಟ್ಯಾಸಿಯಂ ಕೊರತೆ ಇದ್ದವುಗಳನ್ನು ಸೊರಗಿಸಿತ್ತು, ಒಂಡಾನ್ಸೆಟ್ರಾನ್ ಉಳಿದವುಗಳ ನಾಳಕ್ಕೇ ಅಡ್ಡ ಕುಳಿತಿತ್ತು. ಪೊಟ್ಯಾಸಿಯಂ ಸೋರಿಹೋದದ್ದು ವಾಂತಿ, ಡೆಕ್ಸಾಮೆಥಾಸೋನ್ ಮತ್ತು ಫ್ಯೂರೋಸೆಮೈಡ್ ಮೂರರಿಂದಲೂ.

ಈ ಸಲ ಆರ್ಸೆನಿಕ್ ನಿಲ್ಲಿಸಲೇಬೇಕಾಯಿತು. ಆಟ್ರಾ ಮುಂದುವರಿಯಿತು, ಹಾಗಾಗಿ ಕಾಯಿಲೆಯ ಮೇಲಿನ ಹಿಡಿತ ಪೂರ್ತಿ ಸಡಿಲಾಗಲಿಲ್ಲ. ಮೊದಲು ಮೆಗ್ನೀಸಿಯಂ ಸಲ್ಫೇಟ್ ಎರಡು ಗ್ರಾಂ ರಕ್ತನಾಳಕ್ಕೆ ಕೊಡಲಾಯಿತು. ಮೆಗ್ನೀಸಿಯಂ ಕೊರತೆ ಇರುವವರೆಗೆ ಮೂತ್ರಪಿಂಡ ಪೊಟ್ಯಾಸಿಯಂ ಅನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ರಕ್ತ ಸರಿಯಾಗಿ ಹೆಪ್ಪುಗಟ್ಟದ ಈ ಕಾಯಿಲೆಯಲ್ಲಿ ಕುತ್ತಿಗೆಯ ದೊಡ್ಡ ನಾಳಕ್ಕೆ ಕೊಳವೆ ಹಾಕುವುದು ಅಪಾಯವಾದ್ದರಿಂದ, ಕೈಯ ನಾಳದ ಮೂಲಕವೇ, ಮಾನಿಟರ್ ನೋಡುತ್ತ, ಪೊಟ್ಯಾಸಿಯಂ ಕ್ಲೋರೈಡನ್ನು ಗಂಟೆಗೆ 10 ಮಿಲಿಈಕ್ವಿವಲೆಂಟ್ ಮೀರದಂತೆ ನಿಧಾನವಾಗಿ ಹರಿಸಲಾಯಿತು. ಮನೆಯವರು ಎಳನೀರು ತರಲೇ ಎಂದು ಕೇಳಿದರು. ಎಳನೀರಿನಲ್ಲಿ ಪೊಟ್ಯಾಸಿಯಂ ಇರುವುದು ನಿಜವಾದರೂ, ಇಷ್ಟು ಕೊರತೆಯನ್ನು ಅಳತೆಯಿಟ್ಟು ತುಂಬಲು ಅದು ದಾರಿಯಲ್ಲ ಎಂದು ತಿಳಿಸಲಾಯಿತು. ಒಂಡಾನ್ಸೆಟ್ರಾನ್ ನಿಂತಿತು. ಅದೂ ಕ್ಯೂಟಿ ಹಿಗ್ಗಿಸುವುದರಿಂದ ವೊರಿಕೊನಜೋಲ್ ಬದಲು ಕ್ಯಾಸ್ಪೊಫಂಜಿನ್ ಬಂತು; ಇನ್ನೊಂದು ಶಿಲೀಂಧ್ರನಾಶಕವಾದ ಆಂಫೊಟೆರಿಸಿನ್ ಪೊಟ್ಯಾಸಿಯಂ ಅನ್ನು ಇನ್ನಷ್ಟು ಇಳಿಸುವುದರಿಂದ ಅದನ್ನು ಬಿಡಲಾಯಿತು. ಆರ್ಸೆನಿಕ್‌ನ ಆರಂಭಿಕ ಪ್ರಯೋಗಗಳಲ್ಲಿ ಟಾರ್ಸಾಡ್ ಕಂಡುಬಂದ ಒಬ್ಬ ರೋಗಿ ಆಂಫೊಟೆರಿಸಿನ್ ಪಡೆಯುತ್ತಿದ್ದುದನ್ನು ಔಷಧದ ಅಧಿಕೃತ ಮಾಹಿತಿಯೇ ದಾಖಲಿಸಿದೆ.

19ನೇ ದಿನ ಪೊಟ್ಯಾಸಿಯಂ 4.4ಕ್ಕೆ ಬಂತು, ಸರಿಪಡಿಸಿದ ಕ್ಯೂಟಿ 458. ಆರ್ಸೆನಿಕ್ ಅರ್ಧ ಪ್ರಮಾಣದಲ್ಲಿ ಮತ್ತೆ ಶುರುವಾಗಿ, ಒಂದು ವಾರದ ಬಳಿಕ ಹಂತಹಂತವಾಗಿ ಪೂರ್ಣ ಪ್ರಮಾಣಕ್ಕೆ ಏರಿತು.

ಕ್ಯಾನ್ಸರ್ ಕೋಶದ ಮೇಲಿನ ಅದೇ ಚಾನೆಲ್

ಇಲ್ಲಿಯವರೆಗೆ ಹರ್ಗ್ ಹೃದಯದ ಚಾನೆಲ್ ಎಂದೇ ಮಾತಾಡಿದೆ. ಆದರೆ ಇಟಲಿಯ ಫ್ಲಾರೆನ್ಸಿನಲ್ಲಿ ಅನ್ನಾರೋಸಾ ಆರ್ಕಾಂಜೆಲಿ, ಸೆರೆನಾ ಪಿಲೋಜಿ ಮತ್ತು ಸಂಗಡಿಗರು ಅದನ್ನು ಲ್ಯುಕೇಮಿಯಾ ಕೋಶಗಳ ಪೊರೆಯ ಮೇಲೆಯೂ ಕಂಡರು. ಆರೋಗ್ಯವಂತರ ಅಸ್ಥಿಮಜ್ಜೆಯಲ್ಲಿ ಸುಮ್ಮನೆ ವಿರಮಿಸುತ್ತಿರುವ ಮೂಲಕೋಶಗಳಲ್ಲಿ ಅದು ಕಾಣುವುದಿಲ್ಲ. ವಿಭಜನೆಗೆ ಪ್ರಚೋದಿಸಿದಾಗ ಕಾಣಿಸಿಕೊಳ್ಳುತ್ತದೆ. ಪ್ರೊಮೈಲೊಸೈಟಿಕ್ ಬಗೆಯೂ ಸೇರುವ ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾದ ಕೋಶಗಳಲ್ಲಾದರೋ ಬಹುಮಟ್ಟಿಗೆ ಪ್ರಚೋದನೆಯಿಲ್ಲದೆಯೂ ಇರುತ್ತದೆ ಎಂದು 2002ರಲ್ಲಿ ಅವರು ವರದಿ ಮಾಡಿದರು. 2007ರ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಹೊರಬಂತು. ಈ ಕೋಶಗಳಲ್ಲಿ ಹರ್ಗ್ ಒಂಟಿಯಾಗಿರದೆ, ಎಫ್‌ಎಲ್‌ಟಿ-1 ಗ್ರಾಹಕ ಮತ್ತು ಬೀಟಾ-1 ಇಂಟೆಗ್ರಿನ್ ಎಂಬ ಪೊರೆಯ ಪ್ರೋಟೀನುಗಳ ಜೊತೆ ಒಂದು ಗುಂಪಾಗಿ ಸೇರಿ, ಕೋಶ ಮಜ್ಜೆಯಿಂದ ಹೊರಗೆ ಸಂಚರಿಸಲು ನೆರವಾಗುತ್ತದೆ. ಹರ್ಗ್ ಇದ್ದ ರೋಗಿಗಳಲ್ಲಿ ಮರುಕಳಿಕೆ ಹೆಚ್ಚಾಗಿತ್ತು. 2011ರಲ್ಲಿ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾದ ಕೋಶಗಳನ್ನು ಮಜ್ಜೆಯ ಆಸರೆ ಕೋಶಗಳ ಮೇಲೆ ಬೆಳೆಸಿದಾಗ ಅವು ಕೀಮೋಥೆರಪಿಗೆ ಸಾಯದೆ ಉಳಿದವು, ಹರ್ಗ್ ತಡೆಯುವ ಔಷಧ ಸೇರಿಸಿದಾಗ ಸತ್ತವು. ಅಂದರೆ ಇಲ್ಲಿ ಚಾನೆಲ್ ಮಾಡುತ್ತಿರುವುದು ಬಡಿತದ ಕೆಲಸವನ್ನಲ್ಲ. ಕೋಶ ತನ್ನ ನೆರೆಹೊರೆಯಿಂದ 'ಬದುಕು' ಎಂಬ ಸಂಕೇತವನ್ನು ಪಡೆಯುವ ಕೆಲಸವನ್ನು.

ಆರ್ಸೆನಿಕ್ ಹರ್ಗ್ ಅನ್ನು ಪೊರೆಗೆ ಹೋಗಗೊಡುವುದಿಲ್ಲ, ಲ್ಯುಕೇಮಿಯಾ ಕೋಶಕ್ಕೂ ಹರ್ಗ್ ಬೇಕು. ಹಾಗಾದರೆ ಆರ್ಸೆನಿಕ್ ಗುಣಪಡಿಸುವುದು ಹರ್ಗ್ ಮೂಲಕವೇ ಎಂದು ಊಹಿಸಲು ಮನಸ್ಸಾಗುತ್ತದೆ. ಈ ಊಹೆಗೆ ನಾನು ಒಪ್ಪುವುದಿಲ್ಲ. ಆರ್ಸೆನಿಕ್ ಅದ್ಭುತವಾಗಿ ಗುಣಪಡಿಸುವುದು ಪಿಎಂಎಲ್-ರಾರಾ ಇರುವ ಈ ಒಂದು ಲ್ಯುಕೇಮಿಯಾವನ್ನು ಮಾತ್ರ; ಹರ್ಗ್ ಇರುವ ಉಳಿದ ಲ್ಯುಕೇಮಿಯಾಗಳಲ್ಲಿ ಅದಕ್ಕೆ ಆ ಶಕ್ತಿಯಿಲ್ಲ. ಗುಣಪಡಿಸುವ ಕೆಲಸ ಕೂಡು ಪ್ರೋಟೀನಿನ ನಾಶದಿಂದ ಆಗುತ್ತದೆ, ಹರ್ಗ್ ಮೇಲಿನ ಪರಿಣಾಮವನ್ನು ಹೃದಯ ಹೊರುತ್ತದೆ ಎಂದು ಓದುವುದೇ ಸರಿ.

ಹಾಗಿದ್ದರೆ ಉಳಿದ ಲ್ಯುಕೇಮಿಯಾಗಳಲ್ಲಿ ಹರ್ಗ್ ಅನ್ನೇ ಗುರಿಯಾಗಿಸಿ ಔಷಧ ಕೊಡಬಾರದೇಕೆ? ನಮ್ಮ ರೋಗಿಯ 16ನೇ ದಿನದ ಇಸಿಜಿಯಲ್ಲೇ ಇದಕ್ಕೆ ಉತ್ತರವಿದೆ. ಪ್ರಯೋಗಾಲಯದಲ್ಲಿ ಕೆಲಸ ಮಾಡಿದ, ಹರ್ಗ್ ತಡೆಯುವ ಇ-4031ನಂಥ ವಸ್ತು ಹೃದಯದ ಹರ್ಗ್ ಅನ್ನೂ ಅಷ್ಟೇ ಬಲವಾಗಿ ತಡೆಯುತ್ತದೆ. ಆದ್ದರಿಂದ ಕ್ಯಾನ್ಸರ್ ಕೋಶದಲ್ಲಿ ಹರ್ಗ್ ಇಂಟೆಗ್ರಿನ್ ಜೊತೆ ಸೇರಿರುವ ಗುಂಪನ್ನಷ್ಟೇ ಗುರುತಿಸಿ ಹಿಡಿಯುವ ಪ್ರತಿಕಾಯಗಳ ಕಡೆಗೆ ಫ್ಲಾರೆನ್ಸಿನ ತಂಡ ಹೊರಳಿದೆ. ಹೃದಯದಲ್ಲಿ ಆ ಗುಂಪುಗಾರಿಕೆ ಇಲ್ಲ ಎಂಬುದೇ ಅದರ ಆಧಾರ, ಮತ್ತು ನನಗೆ ಅತ್ಯಂತ ಭರವಸೆಯ ದಾರಿಯಾಗಿ ಕಾಣುವುದೂ ಅದೇ. ದೀರ್ಘಕಾಲಿಕ ಲಿಂಫೋಸೈಟಿಕ್ ಲ್ಯುಕೇಮಿಯಾದಲ್ಲಿ ಕೆವಿ 1.3 ಎಂಬ ಇನ್ನೊಂದು ಪೊಟ್ಯಾಸಿಯಂ ಚಾನೆಲ್ ಮೇಲೆ ಇಟಲಿಯ ಪಾಡುವಾದ ಸಂಶೋಧಕರು ಕೆಲಸ ಮಾಡಿದ್ದಾರೆ. ನಮ್ಮಲ್ಲಿ ಕುಷ್ಠರೋಗಕ್ಕೆ ದಶಕಗಳಿಂದ ಕೊಡುತ್ತಿರುವ ಕ್ಲೋಫಾಜಿಮಿನ್ ಆ ಚಾನೆಲ್ ಅನ್ನು ತಡೆದು, ಪ್ರಯೋಗಾಲಯದಲ್ಲಿ ಆ ಕೋಶಗಳನ್ನು ಕೊಂದಿತು. ಕ್ಲೋಫಾಜಿಮಿನ್ ಕೂಡ ಕ್ಯೂಟಿ ಹಿಗ್ಗಿಸುವ ಔಷಧವೇ.

ಮುಂದಿನ ತಿಂಗಳುಗಳು

36ನೇ ದಿನ ಪ್ಲೇಟ್‌ಲೆಟ್ ಒಂದು ಲಕ್ಷ ದಾಟಿತು, ಅಸ್ಥಿಮಜ್ಜೆ ಶಮನ ಸ್ಥಿತಿಯಲ್ಲಿತ್ತು. ಬಳಿಕದ ಚಿಕಿತ್ಸೆಯಲ್ಲಿ ವಾರಕ್ಕೆ ಐದು ದಿನದಂತೆ ನಾಲ್ಕು ವಾರ ಆರ್ಸೆನಿಕ್, ನಾಲ್ಕು ವಾರ ಬಿಡುವು, ಹೀಗೆ ನಾಲ್ಕು ಸುತ್ತು. ಇದು ಒಳರೋಗಿಯಾಗಿ ಅಲ್ಲ, ದಿನವೂ ಬಂದು ಹೋಗುವ ಚಿಕಿತ್ಸೆ. ರೋಗಿ ಆ ತಿಂಗಳುಗಳಲ್ಲಿ ಹುಬ್ಬಳ್ಳಿಯ ತಂಗಿಯ ಮನೆಯಲ್ಲಿ ಉಳಿದರು. ಜ್ವರ, ಕೆಮ್ಮು, ವಾಂತಿಗೆಂದು ಹತ್ತಿರದ ಕ್ಲಿನಿಕ್‌ಗೆ ಹೋಗುವುದು ಸಹಜವಾದ್ದರಿಂದ, ಅವರ ಚಿಕಿತ್ಸಾ ಪುಸ್ತಕದ ಮೊದಲ ಪುಟದಲ್ಲಿ ಕೆಂಪು ಶಾಯಿಯಿಂದ ಹೀಗೆ ಬರೆಯಲಾಯಿತು: ಆರ್ಸೆನಿಕ್ ಚಿಕಿತ್ಸೆಯಲ್ಲಿದ್ದಾರೆ, ಒಂಡಾನ್ಸೆಟ್ರಾನ್, ಡೊಂಪೆರಿಡೋನ್, ಅಜಿತ್ರೊಮೈಸಿನ್, ಲಿವೊಫ್ಲಾಕ್ಸಾಸಿನ್, ಫ್ಲುಕೊನಜೋಲ್ ಕೊಡುವ ಮುನ್ನ ದಯವಿಟ್ಟು ಕರೆ ಮಾಡಿ, ವಾಂತಿ ಭೇದಿ ಇದ್ದರೆ ಪೊಟ್ಯಾಸಿಯಂ ನೋಡಿ. ವಾರಕ್ಕೊಮ್ಮೆ ತೆಗೆದ ಇಸಿಜಿಗಳಲ್ಲಿ ಫ್ರಿಡೆರಿಸಿಯಾ ಸಂಖ್ಯೆಯನ್ನು ಕೈಯಲ್ಲೇ ಲೆಕ್ಕ ಹಾಕಿ ಬರೆಯಲಾಯಿತು. ಅದು ಮತ್ತೆ 470 ದಾಟಲಿಲ್ಲ. ನಾಲ್ಕನೇ ಸುತ್ತು ಮುಗಿದಾಗ ಮಜ್ಜೆಯ ಪಿಸಿಆರ್ ಪರೀಕ್ಷೆಯಲ್ಲಿ ಪಿಎಂಎಲ್-ರಾರಾ ಕಾಣಲಿಲ್ಲ.